ಹಾಡುವವರ ಕಂಠಕ್ಕೆ ತಕ್ಕಂತೆ ಗಿಟಾರ್ ಶ್ರುತಿ ಇಳಿಸುವ ಬಗ್ಗೆ

ಮಂಡ್ಯದ ಗಣೇಶೋತ್ಸವದ ವೇದಿಕೆಯಲ್ಲಿ ತಮ್ಮ ತಂಗಿಯವರು ಹಾಡಬೇಕಾದ ಭಾವಗೀತೆಯ ಚರಣದಲ್ಲಿ ಧ್ವನಿ ಮೇಲಕ್ಕೆ ಏರದೆ ಒಡೆಯುತ್ತದೆ, ಗಿಟಾರಿನ ತಂತಿಗಳನ್ನೇ ಸಡಿಲಿಸಿದರೆ ವಾದ್ಯಕ್ಕೆ ಹಾನಿಯೇ ಎಂದು ಕೇಳಿದ್ದೀರಿ. ಹಾನಿಯಿಲ್ಲ. ತಂಬೂರಿಯನ್ನು ಗಾಯಕರ ಶ್ರುತಿಗೆ ಕೂಡಿಸುವ ನಮಗೆ ಇದು ಹೊಸತೂ ಅಲ್ಲ.

ಆರೂ ತಂತಿಗಳನ್ನು ಎರಡು ಫ್ರೆಟ್‌ಗಳಷ್ಟು (ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ, ಒಂದೊಂದಕ್ಕೂ ಅರ್ಧ ಸ್ವರ) ಇಳಿಸಿದರೆ ದಪ್ಪ ತಂತಿಯಿಂದ ಕ್ರಮವಾಗಿ ಡಿ, ಜಿ, ಸಿ, ಎಫ್, ಎ, ಡಿ ಎಂಬ ಪಾಶ್ಚಾತ್ಯ ಸ್ವರಗಳಾಗುತ್ತವೆ. ತಾವು ರೂಢಿಸಿಕೊಂಡ ಬೆರಳಿನ ಹಿಡಿತಗಳು ಹಾಗೆಯೇ ಉಳಿದು, ಕೇಳುವ ಶ್ರುತಿ ಮಾತ್ರ ತಗ್ಗುತ್ತದೆ. ಆದರೆ ಬಿಗಿತ ಸುಮಾರು ಐದನೇ ಒಂದು ಭಾಗ ಕಡಿಮೆಯಾಗುವುದರಿಂದ, ತೆಳು ತಂತಿಗಳನ್ನು ಕಟ್ಟಿದ್ದರೆ ಜೋರಾಗಿ ಮೀಟಿದಾಗ ಅವು ಫ್ರೆಟ್‌ಗೆ ತಾಗಿ ಝರ್ ಎನ್ನುತ್ತವೆ. ಆಗ ಸ್ವಲ್ಪ ದಪ್ಪ ತಂತಿಗಳ ಸೆಟ್ ಹಾಕಿಸುವುದು ಒಳ್ಳೆಯದು.

ಬಿರಡೆಯನ್ನು ತಿರುಗಿಸುವಾಗ ಬೇಕಾದ ಸ್ವರಕ್ಕಿಂತ ತುಸು ಕೆಳಗೆ ಇಳಿಸಿ, ಮತ್ತೆ ಮೇಲೇರಿಸಿ ನಿಲ್ಲಿಸಿರಿ. ಮೈಸೂರಿನ ಮದುವೆಯೊಂದರಲ್ಲಿ ನಾನು ಹಾಡಿಗೆ ಐದು ನಿಮಿಷ ಮುಂಚೆ ಅವಸರದಲ್ಲಿ ಇಳಿಸಿದ್ದರಿಂದ ಎರಡನೇ ಚರಣದ ಹೊತ್ತಿಗೆ ಶ್ರುತಿ ಜಾರಿತ್ತು. ಹಿಂದಿನ ದಿನವೇ ಇಳಿಸಿಡುವುದು ಕ್ಷೇಮ.

ಇಷ್ಟು ಇಳಿಸಿದ್ದು ತಂಗಿಯವರಿಗೆ ಹೆಚ್ಚೆನಿಸಿದರೆ ಮೊದಲ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿರಿ, ಅರ್ಧ ಸ್ವರ ಮೇಲೇರುತ್ತದೆ. ಜೊತೆಗೆ ಕೀಬೋರ್ಡ್ ನುಡಿಸುವವರಿದ್ದರೆ ಅವರೂ ಅಷ್ಟೇ ಇಳಿಸಿಕೊಳ್ಳುವಂತೆ ಮುಂಚಿತವಾಗಿ ತಿಳಿಸಿರಿ.