‘ಏನೋ ಗೀಚಿದೆ’ ಅಂತ ಬರೆದು ಮುಂದೆ ಹೋಗಬೇಡಿ

ಪ್ರಿಯ ಬರಹಗಾರರಿಗೆ ನಮಸ್ಕಾರ.

ಸ್ಯಾನ್ ಡಿಯಾಗೋದಿಂದ ನೀವು ಕಳಿಸಿದ ‘ನನ್ನ ಹಳೇ ಸರ್ಫ್‌ಬೋರ್ಡು’ ಲೇಖನ ಓದಿದೆ. ಗ್ಯಾರೇಜ್ ಸೇಲ್‌ನಲ್ಲಿ ಸಿಕ್ಕ ಒಂಬತ್ತೂವರೆ ಅಡಿ ಉದ್ದದ, ಕಡಲ ಅಲೆ ಮೇಲೆ ನಿಂತು ಜಾರುವ ಆ ಬೋರ್ಡನ್ನು ಕಾರಿನ ಮೇಲೆ ಕಟ್ಟಿಕೊಂಡು ಮನೆಗೆ ತಂದಿರಿ. ಅದನ್ನು ಮಾಡಿದವರು ಯಾರು, ಮಾಡಿದ್ದು ಯಾವಾಗ ಅಂತ ಹುಡುಕಲು ಹೊರಟಿರಿ. ವಿಷಯ ಹೊಸದು, ಭಾಷೆ ಸಲೀಸಾಗಿದೆ. ಕನ್ನಡದಲ್ಲಿ ಇಂಥದ್ದನ್ನು ಬರೆಯುವವರು ಕಡಿಮೆ, ಅದಕ್ಕೇ ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಸಿಟ್ಟು ಬಂತು. ಯಾಕೆ ಅಂತ ಹೇಳುತ್ತೇನೆ.

ನಾಲ್ಕನೇ ಪ್ಯಾರಾ ತೆಗೆಯಿರಿ. “ಬೋರ್ಡು ಪೂರ್ತಿ ಹಳದಿಗಟ್ಟಿದೆ. ಹಾಗಾಗಿ ಇದು 1950ರ ದಶಕದ್ದು ಎನ್ನುವುದರಲ್ಲಿ ಅನುಮಾನವಿಲ್ಲ.”

ಅನುಮಾನ ಬೇಕಾದಷ್ಟಿದೆ. ಬೋರ್ಡಿನ ಒಳಗಿನ ಹಗುರ ಫೋಮ್, ಅದಕ್ಕೆ ಗಾಜಿನ ನಾರಿನ ಬಟ್ಟೆ (ಫೈಬರ್‌ಗ್ಲಾಸ್) ಹೊದಿಸಿ ಮೇಲೆ ಸುರಿಯುವ ಗಟ್ಟಿಯಾಗುವ ಅಂಟು, ಅಂದರೆ ರೆಸಿನ್, ಎರಡೂ ಬಿಸಿಲಿಗೆ ಹಳದಿಯಾಗುತ್ತವೆ. ಹಿತ್ತಿಲಲ್ಲಿ ಬಿಸಿಲಿಗೆ ಬಿದ್ದ ಬೋರ್ಡು ಬೇಗ ಬಣ್ಣ ಕೆಡುತ್ತದೆ. ಕತ್ತಲ ಗ್ಯಾರೇಜಿನಲ್ಲಿ ಹೊದ್ದು ಮಲಗಿದ್ದು ನಲವತ್ತು ವರ್ಷ ಕಳೆದರೂ ಬೆಳ್ಳಗೇ ಇರಬಹುದು. ಬಣ್ಣ ನೋಡಿ ಎಷ್ಟು ಬಿಸಿಲು ತಿಂದಿದೆ ಅಂತ ಹೇಳಬಹುದು, ಇಸವಿ ಹೇಳಲಾಗುವುದಿಲ್ಲ.

ಮುಂದಿನ ಸಾಲಿನಲ್ಲಿ ನೀವೇ “ಒಳಗಡೆ ಫೋಮ್ ಇದೆ” ಅಂದಿದ್ದೀರಿ. 50ರ ದಶಕದ ಬಹುಪಾಲು ಬೋರ್ಡುಗಳು ಬಾಲ್ಸಾ ಎಂಬ ಹಗುರ ಮರದವು. ಕ್ಯಾಲಿಫೋರ್ನಿಯಾದ ಬೋರ್ಡು ತಯಾರಕ ಡೇವ್ ಸ್ವೀಟ್ ಫೋಮ್ ಬೋರ್ಡಿಗೆ ಕೈಹಾಕಿದ್ದು 1956ರ ಸುಮಾರಿಗೆ. ಅಲ್ಲಿಯವರೇ ಆದ, ‘ಹೋಬಿ’ ಬೋರ್ಡುಗಳ ಹೋಬಿ ಆಲ್ಟರ್ ಮತ್ತು ಅವರ ಜೊತೆಗಾರ ಗೋರ್ಡನ್ ಕ್ಲಾರ್ಕ್ ಫೋಮಿಗೆ ಹೊರಳಿದ್ದು 1958ರಲ್ಲಿ. ನಿಮ್ಮ ಬೋರ್ಡಿನ ಮೇಲಿರುವುದು ಹೋಬಿ ಲೇಬಲ್. ಅದು ನಿಜವಾದರೆ ಆ ದಶಕದಲ್ಲಿ ನಿಮಗೆ ಉಳಿಯುವುದು ಕೊನೆಯ ಎರಡೇ ವರ್ಷ. ಇದನ್ನು ಓದುಗರಿಗೆ ಹೇಳಬೇಕಿತ್ತು ಅಲ್ವಾ?

ಇನ್ನು ಫಿನ್, ಅಂದರೆ ಬೋರ್ಡಿನ ಬಾಲದ ಅಡಿಯಲ್ಲಿರುವ ರೆಕ್ಕೆ. ಲೇಖನದಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ, ಆದರೆ ನೀವು ಕಳಿಸಿದ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂತಿದೆ, ಸ್ಕ್ರೂ ಹಾಕಿದೆ. 50ರ ದಶಕದ ಫಿನ್‌ಗಳನ್ನು ಫೈಬರ್‌ಗ್ಲಾಸ್ ಹಾಕಿ ಬೋರ್ಡಿಗೇ ಅಂಟಿಸಿಬಿಡುತ್ತಿದ್ದರು. ಬಿಚ್ಚಿ ಹಾಕುವ ಫಿನ್ ಚಾಲ್ತಿಗೆ ಬಂದದ್ದು 60ರ ದಶಕದ ಮಧ್ಯದಿಂದ ಈಚೆಗೆ. ಅಂದರೆ ಒಂದೋ ಬೋರ್ಡೇ ಆಮೇಲಿನದು, ಇಲ್ಲವೇ ಯಾರೋ ಹಳೇ ಫಿನ್ ಕಿತ್ತು ಪೆಟ್ಟಿಗೆ ಕೂರಿಸಿದ್ದಾರೆ. ಯಾವುದು ಅಂತ ಪೆಟ್ಟಿಗೆಯ ಸುತ್ತ ನೋಡಿದರೆ ತಿಳಿಯುತ್ತದೆ. ತೇಪೆ ಹಾಕಿದ್ದರೆ ಗ್ಲಾಸಿನ ಅಂಚು ಬೆರಳಿಗೆ ಸಿಗುತ್ತದೆ, ಬಣ್ಣವೂ ಸುತ್ತಲಿನದಕ್ಕೆ ಹೊಂದುವುದಿಲ್ಲ. 60ರ ದಶಕದಲ್ಲಿ ಜಾಸ್ತಿ ಬಳಸುತ್ತಿದ್ದ ವೋಲಾನ್ ಗ್ಲಾಸ್ ಬಟ್ಟೆಗೆ ತೆಳು ಹಸಿರು ಛಾಯೆ ಇರುತ್ತದೆ. ಅದು ನಿಮ್ಮ ಬೋರ್ಡಿನ ಅಂಚಿನಲ್ಲಿ ಇದೆಯಾ? ಬೋರ್ಡು ಇರುವುದು ನಿಮ್ಮ ಕೈಯಲ್ಲಿ. ನನ್ನ ಹತ್ತಿರ ಇರುವುದು ಒಂದು ಫೋಟೋ. ನಾನು ಇಷ್ಟು ಕೇಳಬೇಕಾಗಿ ಬಂದದ್ದೇ ನನಗೆ ಬೇಸರ.

ಉದ್ದದ ಬಗ್ಗೆಯೂ ಹೀಗೇ. 1967-68ರ ಹೊತ್ತಿಗೆ ಬೋರ್ಡುಗಳು ಸರಸರನೆ ಗಿಡ್ಡವಾದವು, ಹಾಗಾಗಿ ಒಂಬತ್ತೂವರೆ ಅಡಿ ಅಂದರೆ ಅದಕ್ಕೂ ಹಿಂದಿನದು ಅನ್ನಿಸುವುದು ಸಹಜ. ಆದರೆ ಉದ್ದದ ಬೋರ್ಡು ಮುಂದೆ ಮತ್ತೆ ಬಂತು, ಈಗಲೂ ಮಾಡುತ್ತಾರೆ. ಒಂದೇ ಗುರುತು ಹಿಡಿದುಕೊಂಡು ಇಸವಿ ಬರೆಯಬೇಡಿ.

ಐದನೇ ಪ್ಯಾರಾ: “ಮೇಲೆ ಹೋಬಿ ಎಂದಿದೆ. ಅಂದರೆ ಹೋಬಿ ಆಲ್ಟರ್ ಕೈಯಾರೆ ಮಾಡಿದ ಬೋರ್ಡು ನನ್ನ ಮನೆಯಲ್ಲಿದೆ.”

ಹೋಬಿ 1954ರಲ್ಲಿ ಡೇನಾ ಪಾಯಿಂಟ್‌ನಲ್ಲಿ ಅಂಗಡಿ ತೆರೆದರು. ಕೆಲಸ ಬೆಳೆದ ಹಾಗೆ ಬೋರ್ಡು ಕೆತ್ತುವ ಕೈಗಳೂ, ಅಂದರೆ ಶೇಪರ್‌ಗಳೂ, ಹೆಚ್ಚಾದವು. ಫಿಲ್ ಎಡ್ವರ್ಡ್ಸ್, ಟೆರ್ರಿ ಮಾರ್ಟಿನ್‌ರಂಥ ದೊಡ್ಡ ಶೇಪರ್‌ಗಳು ಅದೇ ಲೇಬಲ್ಲಿಗೆ ಕೆಲಸ ಮಾಡಿದವರು. ಹವಾಯಿಯ ಲೈಟ್ನಿಂಗ್ ಬೋಲ್ಟ್ ಎಂಬ ಬೋರ್ಡು ಅಂಗಡಿಯ ಕಥೆ ಇನ್ನೂ ಸಿಕ್ಕು. 70ರ ದಶಕದಲ್ಲಿ ಆ ಮಿಂಚಿನ ಗುರುತು ಹಲವು ಶೇಪರ್‌ಗಳ ಬೋರ್ಡಿನ ಮೇಲೆ ಕೂತಿತು, ಅಂಗಡಿಗೆ ಸಂಬಂಧವೇ ಇಲ್ಲದವರೂ ಅದನ್ನು ಬರೆದುಕೊಂಡರು. ಲೇಬಲ್ ಅಂಗಡಿಯದು. ಕೆತ್ತಿದವರ ಹೆಸರು ಬೇರೆ ಹುಡುಕಬೇಕು. ಆ ಲೇಬಲ್ಲಾದರೂ ಗ್ಲಾಸಿನ ಅಡಿಯಲ್ಲಿದೆಯೋ, ಮೇಲೆ ಆಮೇಲೆ ಅಂಟಿಸಿದ್ದೋ? ಉಗುರಿನಿಂದ ಸವರಿ ನೋಡಿದರೆ ಸಾಕಿತ್ತು.

ಇದಕ್ಕೆ ನಾನು ಇಷ್ಟು ಮಾತಾಡುವುದಕ್ಕೆ ಕಾರಣ ಇದೆ. ಮಂಗಳೂರಿನ ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ, ಕೆಡವಲಿದ್ದ ಒಂದು ಹಳೇ ಮನೆ ಬಗ್ಗೆ ಬರೆಯಲು ನನ್ನನ್ನು ಕಳಿಸಿದ್ದರು. ಮನೆಯವರು ಹಂಚು ತೆಗೆದು ತೋರಿಸಿದರು. ಬಾಸೆಲ್ ಮಿಷನ್ ಹೆಸರು, 1865 ಅಂತ ಅಚ್ಚು. “ನೋಡಿ, ಅಜ್ಜಂದಿರು ಮನೆ ಕಟ್ಟಿದ ವರ್ಷ” ಅಂದರು. ಆಫೀಸಿಗೆ ಬಂದು ಬರೆಯಲು ಕೂರುವ ಮೊದಲೇ ಹಿರಿಯ ಉಪಸಂಪಾದಕರು ಕೇಳಿದರು: “ಇಸವಿ ಮನೆಯದೋ, ಹಂಚಿನದೋ, ಕಾರ್ಖಾನೆಯದೋ?” ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ 1865. ಆ ಅಚ್ಚು ಮುಂದೆಯೂ ಎಷ್ಟೋ ಹಂಚುಗಳ ಮೇಲೆ ಬಿತ್ತು. ಅವರು ನನ್ನನ್ನು ಮತ್ತೆ ಅದೇ ಮನೆಗೆ ಕಳಿಸಿದರು. ಜಂತಿ ನೋಡು, ಗೋಡೆ ನೋಡು, ದಸ್ತಾವೇಜು ಕೇಳು, ನೋಡಿದ್ದನ್ನಷ್ಟೇ ಬರೆ ಅಂದರು. ಅವರು ಜಾಸ್ತಿ ಮಾತಿನವರಲ್ಲ. ಪ್ರತಿ ಇಸವಿಯ ಕೆಳಗೆ ಕೆಂಪು ಗೆರೆ ಎಳೆದು ತಲೆ ಎತ್ತಿ ನೋಡುತ್ತಿದ್ದರು. ಇಸವಿ ಎಲ್ಲಿಂದ ಬಂತು ಅಂತ ಹೇಳುವವರೆಗೆ ಕಾಪಿ ಮುಂದೆ ಹೋಗುತ್ತಿರಲಿಲ್ಲ. ನಾನು ಈಗಲೂ ಅದೇ ಗೆರೆ ಎಳೆಯುತ್ತೇನೆ. ನಿಮ್ಮ ಲೇಖನದಲ್ಲೂ ಎಳೆದಿದ್ದೇನೆ.

ಈಗ ನನಗೆ ಸಿಟ್ಟು ತರಿಸಿದ ಸಾಲು. “ಬಾಲದ ಹತ್ತಿರ ಮರದ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ಏನೋ ಗೀಚಿದೆ.” ಅಷ್ಟೇ. ಮುಂದಿನ ಸಾಲಿಗೆ ನೀವು ಸೂರ್ಯಾಸ್ತ ವರ್ಣಿಸಲು ಹೋಗಿದ್ದೀರಿ.

ಆ ಮರದ ಪಟ್ಟಿ ಸ್ಟ್ರಿಂಗರ್, ಫೋಮಿಗೆ ಬಲ ಕೊಡಲು ಬೋರ್ಡಿನ ಮಧ್ಯೆ ಉದ್ದಕ್ಕೂ ಕೂರಿಸುವುದು. ಶೇಪರ್ ಕೆತ್ತಿ ಮುಗಿಸಿದ ಮೇಲೆ, ಗ್ಲಾಸ್ ಹಾಕುವ ಮೊದಲು ಪೆನ್ಸಿಲ್‌ನಲ್ಲಿ ಬರೆಯುವ ಜಾಗ ಅದು, ಇಲ್ಲವೇ ಅದರ ಪಕ್ಕದ ಫೋಮ್. ಆರ್ಡರ್ ಸಂಖ್ಯೆ, ಅಳತೆ, ಕೆಲವೊಮ್ಮೆ ಗಿರಾಕಿಯ ಹೆಸರು, ಅದೃಷ್ಟ ಇದ್ದರೆ ಕೆತ್ತಿದವರ ಸಹಿ. ಆಮೇಲೆ ಮೇಲೆ ರೆಸಿನ್ ಬೀಳುತ್ತದೆ, ಬರಹ ಒಳಗೆ ಭದ್ರವಾಗಿ ಉಳಿಯುತ್ತದೆ. ಮೂಲ್ಕಿಯಲ್ಲಿ ಶಾಂಭವಿ ನದಿ ದಡದ ಸರ್ಫ್ ಹುಡುಗರು ಬೋರ್ಡು ರಿಪೇರಿ ಮಾಡುವುದನ್ನು ನಿಂತು ನೋಡಿದ್ದೇನೆ. ಹಳೇ ಬೋರ್ಡು ಬಂದರೆ ಮೊದಲು ಕಾಲು ಜಾರದಂತೆ ಹಚ್ಚಿದ ಮೇಣ ಕೆರೆದು ತೆಗೆಯುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಬಾಲದ ಕಡೆ ಬಗ್ಗುತ್ತಾರೆ. ಮಸುಕಾದ ಗೆರೆ ಆಗ ಎದ್ದು ಕಾಣುತ್ತದೆ. ನಿಮ್ಮ ಇಡೀ ಲೇಖನದ ಉತ್ತರ ಆ ಗೀಚಿನಲ್ಲಿ ಇರಬಹುದು. ಅದನ್ನು ಓದದೆ ಸುಮ್ನೆ ಬಿಟ್ಟಿದ್ದೀರಿ!

ನಿಮ್ಮ ಲೇಖನದಲ್ಲಿರುವ ಹವಾಯಿಯ ಇತಿಹಾಸದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮೊದಲು ಆ ಪೆನ್ಸಿಲ್ ಬರಹವನ್ನು ಅಕ್ಷರಕ್ಕೆ ಅಕ್ಷರ ಇಳಿಸಿಕೊಳ್ಳಿ. ತಿಳಿಯದ ಅಕ್ಷರ ಇದ್ದರೆ ಅಲ್ಲಿ ಚುಕ್ಕಿ ಇಡಿ, ಊಹಿಸಿ ತುಂಬಬೇಡಿ. ಫಿನ್ ಪೆಟ್ಟಿಗೆಯದ್ದೂ ಲೇಬಲ್ಲಿನದ್ದೂ ಹತ್ತಿರದ ಫೋಟೋ ಬೇಕು. ಇಷ್ಟು ಬಂದ ಮೇಲೆ ನಾಲ್ಕು, ಐದನೇ ಪ್ಯಾರಾಗಳನ್ನು ಹೊಸದಾಗಿ ಬರೆದು ಕಳಿಸಿ, ನಾನು ಖಂಡಿತ ಓದುತ್ತೇನೆ. ಮುಂದಿನ ವಾರ ಬೋರ್ಡಿಗೆ ಬಣ್ಣ ಹೊಡೆಸುತ್ತೇನೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ದಯವಿಟ್ಟು ಹೊಡೆಸಬೇಡಿ, ಬರಹ ಮುಚ್ಚಿಹೋಗುತ್ತದೆ.