ಮಂಡಿಯೂರಿದ ಹುಡುಗರು ಆಟ ಕೆಡಿಸಲಿಲ್ಲ

(ಡೊಂಬಿವಲಿಯ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ. ಮಕ್ಕಳ ವಿಷಯವಾದ್ದರಿಂದ ಹೆಸರು ಬಿಟ್ಟಿದ್ದೇವೆ.)

ಪತ್ರದ ಸಾರ: "ನನ್ನ ಮಗ ಹನ್ನೊಂದನೇ ತರಗತಿ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಆಡುತ್ತಾನೆ. ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗನೊಬ್ಬ ಅದೇ ತಂಡದಲ್ಲಿದ್ದಾನೆ. ಒಂದು ಮ್ಯಾಚಿನಲ್ಲಿ ಅವನ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಗೆರೆಯಾಚೆ ನಿಂತವರು ಮಂಗನ ಹಾಗೆ ಕೂಗಿದರಂತೆ. ರೆಫರಿ ಸುಮ್ಮನಿದ್ದರಂತೆ. ಮುಂದಿನ ಮ್ಯಾಚಿನಲ್ಲಿ ಆಟ ಶುರುವಾಗುವ ಮೊದಲು ಅದನ್ನು ವಿರೋಧಿಸಿ, ಅಮೆರಿಕದ ಆಟಗಾರರು ವರ್ಣಭೇದದ ವಿರುದ್ಧ ಮಾಡಿದ ಹಾಗೆ, ಇಡೀ ತಂಡ ಮಂಡಿಯೂರಿ ಕೂತಿತು. ಕೋಚ್ ಸಿಟ್ಟಾಗಿ ಕ್ಯಾಪ್ಟನ್, ಆ ಸಿದ್ದಿ ಹುಡುಗ, ನನ್ನ ಮಗ, ಮೂವರನ್ನೂ ತಂಡದಿಂದ ಹೊರಗಿಟ್ಟಿದ್ದಾರೆ. ಆಟಕ್ಕೆ ರಾಜಕೀಯ ಯಾಕೆ? ಅಮೆರಿಕದ ಗಲಾಟೆ ನಮಗ್ಯಾಕೆ? ನಾಳೆ ಸ್ಪೋರ್ಟ್ಸ್ ಕೋಟಾದ ಗತಿ ಏನು? ನೀವಾದರೂ ಅವನಿಗೆ ಬುದ್ಧಿ ಹೇಳಿ."

ಪ್ರಿಯರೇ,

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗನಿಗೆ ನಾನು ಬುದ್ಧಿ ಹೇಳುವುದಿಲ್ಲ. ಅವನ ಬಗ್ಗೆ ನನಗೆ ಹೆಮ್ಮೆಯಾಯಿತು. ನಿಮ್ಮ ಹೆದರಿಕೆಯೂ ಸುಳ್ಳಲ್ಲ. ಊರು ಬಿಟ್ಟು ಬಂದು, ಲೋಕಲ್ ಟ್ರೇನಿನಲ್ಲಿ ನಿಂತು ನಿಂತು ಮಕ್ಕಳನ್ನು ಓದಿಸಿದವರಿಗೆ ಕೈಗೆ ಬಂದ ಒಂದು ಸೀಟು ತಪ್ಪಿದರೆ ಎಷ್ಟು ನೋವು ಅಂತ ಗೊತ್ತು. ಆದರೆ ಆಟಕ್ಕೆ ರಾಜಕೀಯ ತಂದವರು ಯಾರು ಅಂತ ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ಹುಡುಗರು ಮಂಡಿಯೂರಿದ್ದು ಎರಡನೇ ಮ್ಯಾಚಿನಲ್ಲಿ. ಕೂಗಾಟ ನಡೆದದ್ದು ಮೊದಲನೆಯದರಲ್ಲಿ. ಆ ದಿನ ಯಾರೂ ಆಟ ನಿಲ್ಲಿಸಲಿಲ್ಲ, ಯಾರನ್ನೂ ಹೊರಗೆ ಕಳಿಸಲಿಲ್ಲ. ಬೈಗುಳ ತಿಂದ ಹುಡುಗನೇ ಈಗ ತಂಡದಿಂದ ಹೊರಗೆ. ಇದು ನನಗೆ ಸಹಿಸಲು ಆಗುತ್ತಿಲ್ಲ.

ಅಮೆರಿಕದ ಗಲಾಟೆ ಅಂದಿರಿ. ಅಲ್ಲಿಗೆ ಆಮೇಲೆ ಹೋಗೋಣ, ಮೊದಲು ಪುಣೆಗೆ ಬನ್ನಿ. ಪಾಲ್ವಣಕರ್ ಬಾಲೂ ಅಂತ ಒಬ್ಬ ಸ್ಪಿನ್ನರ್ ಇದ್ದರು. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಬೆಳೆದದ್ದು ಪುಣೆಯಲ್ಲಿ. ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಸಮುದಾಯದವರು. ಬಿಳಿಯರ ಪೂನಾ ಕ್ಲಬ್ಬಿನಲ್ಲಿ ಅವರಿಗೆ ಪಿಚ್ ನೋಡಿಕೊಳ್ಳುವ ಕೆಲಸ. ಗ್ರೆಗ್ ಎಂಬ ಇಂಗ್ಲಿಷ್ ಬ್ಯಾಟ್ಸ್‌ಮನ್‌ಗೆ ನೆಟ್ಸ್‌ನಲ್ಲಿ ಗಂಟೆಗಟ್ಟಲೆ ಬೌಲ್ ಮಾಡಿ ಮಾಡಿಯೇ ಕೈ ಪಳಗಿತು. ಬ್ಯಾಟ್ ಹಿಡಿಯಲು ಮಾತ್ರ ಅಲ್ಲಿ ಯಾರೂ ಬಿಡಲಿಲ್ಲ. ಆಗ ಧರ್ಮ, ಜನಾಂಗದ ಲೆಕ್ಕದಲ್ಲಿ ತಂಡಗಳಿದ್ದವು. ಮುಂದೆ ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು, ಯಾಕೆಂದರೆ ಗೆಲ್ಲಬೇಕಿತ್ತಲ್ಲ. ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಉಳಿದವರು ಪೆವಿಲಿಯನ್ನಿನ ಒಳಗೆ. ಬಾಲೂಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಲೋಟದಲ್ಲಿ. ಊಟಕ್ಕೂ ಬೇರೆ ತಟ್ಟೆ.

1906ರಲ್ಲಿ ಇದೇ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿತು. ಆ ಗೆಲುವಿನಲ್ಲಿ ಬಾಲೂ ಪಾಲು ದೊಡ್ಡದು. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ನೂರಕ್ಕೂ ಜಾಸ್ತಿ ವಿಕೆಟ್ ತೆಗೆದರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. 1920ರಲ್ಲಿ ನಾಯಕ ಆಡಲಾಗದೆ ಹೋದಾಗಲೂ ಆ ಜಾಗ ಬಾಲೂಗಿಂತ ಕಿರಿಯರಾದ ಬ್ರಾಹ್ಮಣ ಆಟಗಾರರೊಬ್ಬರಿಗೆ ಹೋಯಿತು. ಆಗ ಬಾಲೂ ತಮ್ಮಂದಿರಾದ ವಿಠಲ್ ಮತ್ತು ಶಿವರಾಮ್ ನಾವು ಆಡುವುದಿಲ್ಲ ಅಂತ ಹೊರಬಂದರು. ಜಾತಿಯ ಕಾರಣಕ್ಕೆ ಅಣ್ಣನನ್ನು ಬದಿಗೆ ಸರಿಸಿದ್ದೀರಿ ಅಂತ ಊರಿಗೆಲ್ಲ ಗೊತ್ತಾಗುವ ಹಾಗೆ ಹೇಳಿದರು. ಮುಂದಿನ ಪಂದ್ಯದ ಹೊತ್ತಿಗೆ ಬಾಲೂ ಉಪನಾಯಕ. 1923ರಲ್ಲಿ ವಿಠಲ್ ನಾಯಕ, ಆ ವರ್ಷ ಕಪ್ಪೂ ಬಂತು. ತಮ್ಮಂದಿರು ಅಂದು ಬಾಯಿ ಮುಚ್ಚಿಕೊಂಡು ಆಡಿದ್ದರೆ ಇದು ಆಗುತ್ತಿರಲಿಲ್ಲ ಅಂತಲೇ ನಾನು ನಂಬಿದ್ದೇನೆ. ಜಾತಿ ಬೇರೆ, ಜನಾಂಗ ಬೇರೆ, ಒಪ್ಪುತ್ತೇನೆ. ಆದರೆ ನಿನ್ನ ಆಟ ಬೇಕು, ನೀನು ಬೇಡ ಅನ್ನುವುದು ಎರಡೂ ಕಡೆ ಒಂದೇ ಅಲ್ವಾ?

ಸಿದ್ದಿಗಳಿಗೂ ಹೀಗೇ ಆಯಿತು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇವರು ಅವರ ಮಕ್ಕಳು, ಮೊಮ್ಮಕ್ಕಳು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ ತಲೆಮಾರುಗಳಿಂದ ಇದ್ದಾರೆ, ಕೊಂಕಣಿ, ಕನ್ನಡ ಮಾತಾಡುತ್ತಾರೆ. 1980ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರದ ಸ್ಪೋರ್ಟ್ಸ್ ಅಥಾರಿಟಿ ಇವರ ಮಕ್ಕಳನ್ನು ಓಟಕ್ಕೆ, ಜಿಗಿತಕ್ಕೆ ಅಂತ ಆರಿಸಿ ತರಬೇತಿ ಕೊಟ್ಟಿತು. ಪದಕ ತರುತ್ತಾರೆ ಅಂತ ಆಸೆ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಎಷ್ಟೋ ಮಕ್ಕಳು ಅರ್ಧಕ್ಕೇ ಮನೆಗೆ ಮರಳಿದರು. ಪರಿಶಿಷ್ಟ ಪಂಗಡದ ಪಟ್ಟಿಗೆ ಉತ್ತರ ಕನ್ನಡದ ಸಿದ್ದಿಗಳು ಸೇರಿದ್ದೇ 2003ರಲ್ಲಿ. ನಿಮ್ಮ ಮಗನ ಗೆಳೆಯನನ್ನು ನೋಡಿ ಮಂಗನ ಹಾಗೆ ಕೂಗಿದವರಿಗೆ ಇದೆಲ್ಲ ಗೊತ್ತಿರಲಿಕ್ಕಿಲ್ಲ. ನಮಗೆ ಗೊತ್ತಿರಬೇಕು, ಅವನು ನಮ್ಮ ಊರಿನ ಹುಡುಗ.

ಇನ್ನು ಹೊರಗಿನ ಮಾತು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟ ಗೆದ್ದ ಅಮೆರಿಕದ ಕಪ್ಪು ಓಟಗಾರ ಟಾಮಿ ಸ್ಮಿತ್‌ಗೆ 24 ವರ್ಷ, ಮೂರನೆಯವರಾದ, ಅದೇ ತಂಡದ ಕಪ್ಪು ಓಟಗಾರ ಜಾನ್ ಕಾರ್ಲೋಸ್‌ಗೆ 23. ಕರಿಯರ ಬಡತನ ತೋರಿಸಲು ಬೂಟು ಬಿಚ್ಚಿ ಕಪ್ಪು ಕಾಲುಚೀಲದಲ್ಲಿ ಪದಕದ ಕಟ್ಟೆ ಹತ್ತಿದರು, ರಾಷ್ಟ್ರಗೀತೆಯ ವೇಳೆ ಕಪ್ಪು ಕೈಗವಸು ಹಾಕಿದ ಮುಷ್ಟಿ ಎತ್ತಿ ನಿಂತರು. ಕಾರ್ಲೋಸ್ ತಮ್ಮ ಕಪ್ಪು ಕೈಗವಸು ಮರೆತು ಬಂದಿದ್ದರು. ಒಂದೇ ಜೊತೆ ಇದೆಯಲ್ಲ, ಆಳಿಗೊಂದು ಹಾಕಿಕೊಳ್ಳಿ ಅಂದವರು ಎರಡನೆಯವರಾಗಿ ಬಂದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್. ಅದಕ್ಕೇ ಆ ಫೋಟೋದಲ್ಲಿ ಒಬ್ಬರ ಬಲಗೈ, ಇನ್ನೊಬ್ಬರ ಎಡಗೈ ಮೇಲಿದೆ. ನಾರ್ಮನ್ ಬಿಳಿಯರು. ಕೈ ಎತ್ತಲಿಲ್ಲ, ಆದರೆ ಅವರಿಬ್ಬರ ಹಾಗೆಯೇ ಮಾನವ ಹಕ್ಕುಗಳ ಬ್ಯಾಡ್ಜ್ ಎದೆಗೆ ಚುಚ್ಚಿಕೊಂಡು ನಿಂತರು. ಸ್ಮಿತ್, ಕಾರ್ಲೋಸ್ ಇಬ್ಬರನ್ನೂ ತಂಡದಿಂದ ತೆಗೆದು ಮನೆಗೆ ಕಳಿಸಲಾಯಿತು. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಡಲು ಅವರಿಬ್ಬರೂ ಆಸ್ಟ್ರೇಲಿಯಾಕ್ಕೆ ಹೋದರು. ನಿಮ್ಮ ಮಗನ ವಿಷಯ ಓದುವಾಗ ನನಗೆ ನೆನಪಾದದ್ದು ಈ ನಾರ್ಮನ್.

ಬೆಲೆ ತೆರಬೇಕಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕಪ್ಪು ಜನರ ಮೇಲಿನ ದೌರ್ಜನ್ಯ ವಿರೋಧಿಸಿ 2016ರಲ್ಲಿ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್‌ಗೆ 2017ರಿಂದ ಯಾವ ತಂಡವೂ ಕೆಲಸ ಕೊಡಲಿಲ್ಲ. ಆದರೆ ಎಲ್ಲರ ಕಥೆ ಹಾಗೇ ಮುಗಿಯುವುದಿಲ್ಲ. 2020ರ ಯುಎಸ್ ಓಪನ್‌ನಲ್ಲಿ 22 ವರ್ಷದ ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಏಳು ಮ್ಯಾಚಿಗೆ ಏಳು ಮಾಸ್ಕ್ ಹಾಕಿ ಬಂದಳು. ಒಂದೊಂದರ ಮೇಲೂ ಪೊಲೀಸರ ಅಥವಾ ಜನಾಂಗದ್ವೇಷದ ಹಿಂಸೆಯಲ್ಲಿ ಪ್ರಾಣ ಕಳೆದುಕೊಂಡ ಒಬ್ಬ ಕಪ್ಪು ವ್ಯಕ್ತಿಯ ಹೆಸರು. ಕಪ್ ಗೆದ್ದುಕೊಂಡೇ ಹೋದಳು. ನಮ್ಮ ಕ್ರಿಕೆಟ್ ತಂಡವೂ 2021ರ ಅಕ್ಟೋಬರ್ 24ರಂದು ದುಬೈನಲ್ಲಿ, ಪಾಕಿಸ್ತಾನದ ಎದುರಿನ ಮ್ಯಾಚಿಗೆ ಮೊದಲು ಮಂಡಿಯೂರಿತು. ಅಂದು ಯಾರಿಗೂ ಅದು ಅಶಿಸ್ತು ಅನ್ನಿಸಿ ಆಟಗಾರರನ್ನು ಹೊರಗೆ ಕೂರಿಸಲಿಲ್ಲ. ಕೋಚ್‌ಗೆ ಈ ಮಾತು ನೆನಪಿಸಿ.

ನಿಮ್ಮ ಮಗನಿಗೆ ನನ್ನದೂ ಒಂದು ಪ್ರಶ್ನೆ ಇದೆ. ಮಂಡಿಯೂರುವ ಮೊದಲು ಆ ಗೆಳೆಯನನ್ನು ಕೇಳಿದ್ದರಾ? ಎಲ್ಲರ ಕಣ್ಣು ಇನ್ನೊಮ್ಮೆ ತನ್ನ ಮೇಲೇ ಬೀಳುವುದು ಅವನಿಗೆ ಇಷ್ಟ ಇತ್ತಾ? ಕೇಳಿರದಿದ್ದರೆ ಈಗಲಾದರೂ ಕೂತು ಕೇಳಲಿ. ಅವನು ಮನೆಯಿಂದ ದೂರ ಇದ್ದು ಓದುತ್ತಿದ್ದರೆ ಒಂದು ದಿನ ಮನೆಗೆ ಊಟಕ್ಕೆ ಕರೆಯಿರಿ.

ಕೋಟಾದ ವಿಷಯ. ತಂಡದಲ್ಲಿ ಜಾಗ ಇಲ್ಲದಿದ್ದರೆ ಸರ್ಟಿಫಿಕೇಟೂ ಇಲ್ಲ. ಅದಕ್ಕೇ ಸುಮ್ನೆ ಕೂರಬೇಡಿ. ಪ್ರಿನ್ಸಿಪಾಲರಿಗೆ ಪತ್ರ ಬರೆಯಿರಿ. ಕ್ಷಮೆ ಕೇಳುವ ಪತ್ರ ಬೇಡ. ಯಾವ ದಿನ, ಯಾವ ಮೈದಾನ, ಏನು ಕೂಗಿದರು, ಅದನ್ನು ಕೇಳಿಸಿಕೊಂಡವರು ಯಾರು, ರೆಫರಿಗೆ ದೂರು ಕೊಟ್ಟಿದ್ದರಾ ಅಂತ ಮೊದಲು ಬರೆಯಿರಿ. ಮೂವರನ್ನು ಹೊರಗಿಟ್ಟದ್ದು ಯಾವ ನಿಯಮದ ಮೇಲೆ ಅಂತ ಲಿಖಿತವಾಗಿ ಕೇಳಿ. ಮೂವರ ಹೆಸರೂ ಒಂದೇ ಪತ್ರದಲ್ಲಿ ಇರಲಿ, ನಿಮ್ಮ ಮಗನೊಬ್ಬನನ್ನೇ ಒಳಗೆ ಸೇರಿಸಿಕೊಳ್ಳುತ್ತೇವೆ ಅಂದರೆ ಒಪ್ಪಬೇಡಿ. ಉಳಿದ ಹುಡುಗರ ತಂದೆತಾಯಿಯರ ಸಹಿಯೂ ಸಿಕ್ಕರೆ ಒಳ್ಳೆಯದು. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಲು ಕಷ್ಟವಾದರೆ ಯಾವುದಾದರೂ ಸಂಜೆ ನಮ್ಮ ಕಚೇರಿಗೆ ಬನ್ನಿ, ಜೊತೆಗೆ ಕೂತು ಬರೆಯೋಣ.

— ಸಂಪಾದಕ