ಓದುಗರ ಪ್ರಶ್ನೆ: ಗೊತ್ತಿಲ್ಲದ ಪದ, ಗೊತ್ತಿರುವ ವಾಕ್ಯ

ಪ್ರಶ್ನೆ: ಮಾನ್ಯರೇ, ನಾನು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು. ನಿವೃತ್ತಿಯಾದ ಮೇಲೆ ಕಥೆ, ಕಾದಂಬರಿ, ವಚನಗಳನ್ನು ಓದತೊಡಗಿದ್ದೇನೆ. ಉತ್ತರ ಕರ್ನಾಟಕದ ಕಥೆಗಳಲ್ಲಿ ಪುಟಕ್ಕೆ ನಾಲ್ಕೈದು ಪದಗಳಾದರೂ ತಿಳಿಯುವುದಿಲ್ಲ. ಪ್ರತಿ ಪದಕ್ಕೂ ನಿಘಂಟು ತೆರೆದರೆ ಕಥೆಯ ಓಟ ಕೆಡುತ್ತದೆ. ಸಂದರ್ಭ ನೋಡಿ ಊಹಿಸಿಕೊಳ್ಳಿ ಎಂದು ಮಗಳು ಹೇಳುತ್ತಾಳೆ. ಆ ಊಹೆಯನ್ನು ಎಷ್ಟು ನಂಬಬಹುದು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಮಗಳ ಮಾತು ಸರಿ, ಆದರೆ ಅರ್ಧ ಮಾತ್ರ ಸರಿ. ಸಂದರ್ಭವು ಒಂದು ಪದ ಯಾವ ಬಗೆಯ ವಸ್ತುವನ್ನು ಅಥವಾ ಕೆಲಸವನ್ನು ಸೂಚಿಸುತ್ತದೆ ಎಂಬುದನ್ನು ಬಹುಮಟ್ಟಿಗೆ ಹೇಳುತ್ತದೆ. ಅದು ಇಂಥದ್ದೇ ಎಂದು ಬೆರಳಿಟ್ಟು ತೋರಿಸುವುದು ಅಪರೂಪ. ಕಥೆ ಓದುವವರಿಗೆ ಅನೇಕ ಸಲ ಅಷ್ಟೇ ಸಾಕಾಗುತ್ತದೆ.

ಉದಾಹರಣೆಗೆಂದು ನಾನೇ ಕಟ್ಟಿದ ಈ ವಾಕ್ಯವನ್ನು ನೋಡಿ: ‘ಮಿರಗದ ಮಳಿ ಬಿದ್ದು ನೆಲ ಹದಕ್ಕ ಬಂದ ಮ್ಯಾಲ ಅಪ್ಪ ಎತ್ತು ಹೂಡಿ ಕೂರಿಗಿ ಹೊಡೆದ, ಅವ್ವ ಹಿಂದಿಂದ ಬಟ್ಟಲಕ್ಕ ಬೀಜ ಬಿಡಕೋತ ನಡೆದಳು.’ ಕೂರಿಗಿ ಎಂದರೇನೆಂದು ತಿಳಿಯದವರಿಗೂ ಅದನ್ನು ಎತ್ತು ಎಳೆಯುತ್ತದೆ, ಅದಕ್ಕೊಂದು ಬಟ್ಟಲಿದೆ, ಬಟ್ಟಲಿಗೆ ಬೀಜ ಬೀಳುತ್ತದೆ ಎಂಬ ಮೂರು ಸಂಗತಿಗಳು ಈ ಒಂದೇ ವಾಕ್ಯದಿಂದ ತಿಳಿಯುತ್ತವೆ; ಇದು ಬಿತ್ತನೆಯ ಸಾಧನ ಎನ್ನಲು ಇನ್ನೇನು ಬೇಕು? ಬಟ್ಟಲಿನಿಂದ ಕೊಳವೆಗಳ ಮೂಲಕ ಬೀಜ ಸಾಲುಸಾಲಾಗಿ ನೆಲಕ್ಕೆ ಇಳಿಯುತ್ತದೆ ಎಂಬುದನ್ನು ಮಾತ್ರ ವಾಕ್ಯ ಹೇಳಲಿಲ್ಲ. ಅದನ್ನು ನಿಘಂಟೋ ಒಕ್ಕಲುತನ ಬಲ್ಲವರೋ ಹೇಳಬೇಕು.

ಅದೇ ವಾಕ್ಯದ ‘ಮಿರಗ’ವನ್ನು ಅವಸರದ ಓದುಗರು ಕಾಡುಪ್ರಾಣಿ ಎಂದುಕೊಳ್ಳಬಹುದು. ಆದರೆ ಮುಂದಿನ ಪದ ‘ಮಳಿ’. ಪ್ರಾಣಿಗೂ ಮಳೆಗೂ ಏನು ಸಂಬಂಧ ಎಂಬ ಸಂಶಯ ಬಂದ ಕೂಡಲೇ, ನಮ್ಮ ರೈತರು ಮಳೆಗಳನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ ಎಂಬುದು ನೆನಪಾಗಬೇಕು. ಇದು ಜೂನ್ 7–8ರ ಸುಮಾರಿಗೆ ಕೂಡುವ ಮೃಗಶಿರಾ ಮಳೆ. ಇನ್ನು ಮಳೆ ‘ಮಳಿ’ಯಾದಂತೆ ಮನೆ ‘ಮನಿ’ಯಾಗುತ್ತದೆ, ಶಾಲೆ ‘ಸಾಲಿ’ಯಾಗುತ್ತದೆ, ಕೂರಿಗೆ ‘ಕೂರಿಗಿ’ಯಾಗುತ್ತದೆ. ಕೊನೆಯ ಎಕಾರ ಇಕಾರವಾಗುವ ಈ ಒಂದು ರೂಢಿ ಕಿವಿಗೆ ಹತ್ತಿದರೆ ನಿಮ್ಮ ಪುಟದ ನಾಲ್ಕೈದು ಪದಗಳಲ್ಲಿ ಒಂದೆರಡಾದರೂ ತಾವಾಗಿಯೇ ಪರಿಚಿತವಾಗುತ್ತವೆ.

ಕನ್ನಡದಲ್ಲಿ ಸುಳಿವು ಕೆಲವೊಮ್ಮೆ ಪದದ ಮಗ್ಗುಲಲ್ಲೇ ಅಂಟಿಕೊಂಡಿರುತ್ತದೆ. ದವಸಧಾನ್ಯ, ರೋಗರುಜಿನ ಎಂಬ ಜೋಡುಪದಗಳಲ್ಲಿ ಒಂದು ತಿಳಿದಿದ್ದರೆ ಇನ್ನೊಂದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಾಗೆಂದು ಇದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ‘ಕಾಡುಮೇಡು’ ಪದದಲ್ಲಿನ ಮೇಡು ಕೂಡ ಕಾಡೇ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಅದು ದಿಣ್ಣೆ, ಎತ್ತರದ ನೆಲ.

ನೀವು ವಚನಗಳನ್ನೂ ಓದುತ್ತಿರುವುದರಿಂದ ಇನ್ನೊಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಸಂಪೂರ್ಣ ಅಪರಿಚಿತ ಪದ ನಮ್ಮನ್ನು ತಡೆದು ನಿಲ್ಲಿಸುತ್ತದೆ, ಆದ್ದರಿಂದ ಎಚ್ಚರ ಇರುತ್ತದೆ. ದಾರಿ ತಪ್ಪಿಸುವುದು ಗೊತ್ತಿದೆ ಎಂದುಕೊಂಡು ದಾಟಿಹೋಗುವ ಪದ. ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನದಲ್ಲಿ ‘ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ’ ಎಂದಿದೆ. ಇಂದಿನ ಮಕ್ಕಳಿಗೆ ಹಳಿ ಎಂದರೆ ರೈಲಿನ ಹಳಿ, ಬಣ್ಣ ಎಂದರೆ ಗೋಡೆಗೆ ಬಳಿಯುವುದು. ಆದರೆ ಎರಡು ತುಂಡುಗಳನ್ನು ಒಂದರ ಕೆಳಗೊಂದು ಬರೆದು ನೋಡಿ: ‘ತನ್ನ’ ಎಂಬುದಕ್ಕೆ ಎದುರಾಗಿ ‘ಇದಿರ’ ನಿಂತಿದೆ, ‘ಬಣ್ಣಿಸು’ ಎಂಬುದಕ್ಕೆ ಎದುರಾಗಿ ‘ಹಳಿ’ ನಿಂತಿದೆ. ಇದಿರು ಎಂದರೆ ಎದುರು, ಇಲ್ಲಿ ಎದುರಿಗಿರುವವನು. ವಚನ ಬೇಡವೆನ್ನುವುದೆಲ್ಲ ಮಾಡಬಾರದ ಕೆಲಸಗಳೇ ಆದ್ದರಿಂದ, ತನ್ನ ಬಗ್ಗೆ ಮಾಡಬಾರದ ‘ಬಣ್ಣನೆ’ ಹೊಗಳಿಕೆಯಾಗಿದ್ದರೆ, ಇನ್ನೊಬ್ಬನ ಬಗ್ಗೆ ಮಾಡಬಾರದ ‘ಹಳಿಯುವಿಕೆ’ ತೆಗಳಿಕೆಯೇ ಆಗಬೇಕು. ನಿಘಂಟು ಹೇಳುವುದೂ ಅದನ್ನೇ.

ಇದೇ ರೀತಿ ‘ತ್ರಾಸು’ ಎಂದೊಡನೆ ನಿಮಗೆ ತಕ್ಕಡಿ ಕಾಣಬಹುದು. ಧಾರವಾಡದ ಅಜ್ಜಿ ‘ಮೆಟ್ಲಾ ಹತ್ತಾಕ ತ್ರಾಸ ಆಗ್ತೈತಿ’ ಎಂದರೆ ಅಲ್ಲಿ ತೂಕದ ಮಾತಿಲ್ಲ, ಮಂಡಿನೋವಿನ ಮಾತಿದೆ. ನಿಮಗೆ ಗೊತ್ತಿರುವ ಅರ್ಥವನ್ನು ಇಟ್ಟು ಓದಿದಾಗ ವಾಕ್ಯ ಕುಂಟಿದರೆ, ಕುಂಟುತ್ತಿರುವುದು ಲೇಖಕರ ವಾಕ್ಯವಲ್ಲ ಎಂದು ಮೊದಲು ಸಂಶಯಪಡಿ.

ಹಾಗಾದರೆ ನಿಘಂಟು ಯಾವಾಗ? ಪೆನ್ಸಿಲಿನಿಂದ ಪದದ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ ನಿಮ್ಮ ಊಹೆಯನ್ನು ಬರೆದು ಮುಂದೆ ಓದಿ. ಅದೇ ಪದ ಇನ್ನೆರಡು ಕಡೆ ಬಂದಾಗ ಊಹೆ ಅಲ್ಲಿಯೂ ಹೊಂದುತ್ತದೆಯೇ ನೋಡಿ. ಅಧ್ಯಾಯ ಮುಗಿದ ಮೇಲೆ ನಿಘಂಟು ತೆರೆದರಾಯಿತು. ನಿಘಂಟುಕಾರರು ಮಾಡಿದ್ದೂ ಇದೇ ಕೆಲಸ ಎಂಬುದು ನಿಮಗೆ ಧೈರ್ಯ ಕೊಡಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಾಗಲಿ ಅರ್ಥದೊಡನೆ ಪ್ರಯೋಗಗಳನ್ನೂ ಕೊಡುತ್ತವೆ, ಏಕೆಂದರೆ ಹಳೆಯ ಪದಗಳ ಅರ್ಥವನ್ನು ಅವು ಬಳಕೆಯಾದ ಸಾಲುಗಳನ್ನು ಹೋಲಿಸಿಯೇ ನಿರ್ಧರಿಸಬೇಕಾಗುತ್ತದೆ. ಅರ್ಥವನ್ನಷ್ಟೇ ನೋಡಿ ಮುಚ್ಚಬೇಡಿ; ಪ್ರಯೋಗದ ಸಾಲನ್ನೂ ಓದಿ.

ಪ್ರಶ್ನೆ: ಪರೀಕ್ಷೆಯಲ್ಲಿ ಕೊಡುವ ಅಪರಿಚಿತ ಗದ್ಯಭಾಗದಲ್ಲಿ ತಿಳಿಯದ ಪದ ಬಂದರೆ ಗಾಬರಿಯಾಗುತ್ತದೆ. ಅಲ್ಲಿ ನಿಘಂಟೂ ಇರುವುದಿಲ್ಲ. ಏನು ಮಾಡಲಿ?
— ಹತ್ತನೆಯ ತರಗತಿಯ ವಿದ್ಯಾರ್ಥಿ, ತುಮಕೂರು

ಉತ್ತರ: ಪದದ ಹತ್ತಿರವೇ ನಿಲ್ಲಬೇಡ, ವಾಕ್ಯದ ಕೊನೆಯವರೆಗೆ ಹೋಗು. ಕನ್ನಡ ವಾಕ್ಯದ ಗುಟ್ಟು ಬಹಳ ಸಲ ಕೊನೆಯಲ್ಲಿರುತ್ತದೆ. ‘ಅಂದರೆ’, ‘ಆದರೆ’, ‘ಎಂಬ’, ‘ಮುಂತಾದ’ ಎಂಬ ಸಣ್ಣ ಪದಗಳನ್ನು ಹುಡುಕು. ‘ನವಣೆ, ಸಾಮೆ, ಹಾರಕ, ಬರಗು ಮುಂತಾದ ಸಿರಿಧಾನ್ಯಗಳು’ ಎಂದಿದ್ದರೆ ಹಾರಕಕ್ಕೂ ಹಾರುವುದಕ್ಕೂ ಸಂಬಂಧವಿಲ್ಲ, ಅದೊಂದು ಧಾನ್ಯ ಎಂದು ‘ಮುಂತಾದ’ ಎಂಬ ಒಂದೇ ಪದ ಹೇಳಿಬಿಡುತ್ತದೆ. ಉತ್ತರ ಬರೆಯಲು ಅಷ್ಟು ಸಾಕು. ಅದು ನೋಡಲು ಹೇಗಿರುತ್ತದೆ ಎಂಬುದನ್ನು, ಪರೀಕ್ಷೆ ಮುಗಿದ ಮೇಲೆ, ಸಂತೆಯಲ್ಲಿ ಒಂದು ಹಿಡಿ ಕೇಳಿ ತಿಳಿದುಕೋ.